ಸ್ಟ್ಯಾಂಡ್ ಮಿಕ್ಸರ್ ಕೈಕೊಟ್ಟರೆ: ಮೊದಲು ಗೋಡೆ ನೋಡಿ, ಆಮೇಲೆ ಬೌಲ್, ಕೊನೆಗೆ ಮೆಷಿನ್

ಕಾಸರಗೋಡು, ಕುಂಬಳೆ, ಬದಿಯಡ್ಕ, ಪೆರ್ಲದ ಸುತ್ತ ಮನೆಯಲ್ಲೇ ಕೇಕ್ ಮಾಡಿ ಕೊಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಎಷ್ಟೋ ಮನೆಗಳ ಸ್ಟ್ಯಾಂಡ್ ಮಿಕ್ಸರ್ (ಬೌಲ್‌ನಲ್ಲಿ ಹಿಟ್ಟು ನಾದುವ, ಕ್ರೀಮ್ ಬೀಸುವ ಯಂತ್ರ) ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಬಂದದ್ದು, ಉಳಿದವು ಆನ್‌ಲೈನಿನಲ್ಲಿ ತರಿಸಿದ್ದು. ಎರಡಕ್ಕೂ ಹತ್ತಿರದಲ್ಲಿ ಸರ್ವಿಸ್ ಸಿಗುವುದು ಕಷ್ಟ. ಹಾಗಾಗಿ ಮೆಷಿನ್ ನಿಂತಿತು, ಸದ್ದು ಬದಲಾಯಿತು, ಸುಟ್ಟ ವಾಸನೆ ಬಂತು ಎಂದರೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಂಗಳೂರಿಗೆ ಹೊರಡುತ್ತಾರೆ. ಕಾಸರಗೋಡಿನಿಂದ ಐವತ್ತು ಕಿಲೋಮೀಟರ್ ದಾರಿ. ಅಲ್ಲಿ ಅಂಗಡಿಯವನು ಪ್ಲಗ್ ಹಾಕಿದ ಕೂಡಲೇ ಅದು ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ.

ಮಿಕ್ಸಿ, ಗ್ರೈಂಡರ್, ಪಂಪ್ ರಿಪೇರಿ ಮಾಡುವ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನನ್ನ ಮೇಜಿಗೆ ಬರುವ ಸ್ಟ್ಯಾಂಡ್ ಮಿಕ್ಸರ್‌ಗಳಲ್ಲಿ ಮೋಟಾರ್ ನಿಜವಾಗಿ ಸುಟ್ಟಿರುವುದು ಅಪರೂಪ. ಒಂದೋ ತೊಂದರೆ ಗೋಡೆಯಲ್ಲಿ, ಅಂದರೆ ಕರೆಂಟಿನಲ್ಲಿ ಇರುತ್ತದೆ. ಇಲ್ಲವೇ ಬೌಲ್‌ನಲ್ಲಿ, ಅಂದರೆ ನಾವು ಹಾಕಿದ ಹಿಟ್ಟು, ಬೆಣ್ಣೆ, ಮೊಟ್ಟೆಯಲ್ಲಿ ಇರುತ್ತದೆ. ಹುಡುಕುವ ಕ್ರಮವೂ ಅದೇ ಆಗಿರಲಿ. ಮೊದಲೆರಡಕ್ಕೆ ಸ್ಕ್ರೂಡ್ರೈವರ್ ಬೇಡ, ದುಡ್ಡೂ ಬೇಡ.

ಮೆಷಿನ್ ಅಲ್ಲಾಡುವುದೇ ಇಲ್ಲ

ಮೊದಲು ಸಾಕೆಟ್. ಮೊಬೈಲ್ ಚಾರ್ಜರ್ ಹಾಕಿ ನೋಡಿ "ಕರೆಂಟು ಉಂಟು" ಎಂದು ತೀರ್ಮಾನಿಸಬೇಡಿ. ಒಳಗೆ ಸಡಿಲವಾದ ಸಾಕೆಟ್ ಕೂಡ ಚಾರ್ಜರ್‌ಗೆ ಬೇಕಾದಷ್ಟು ಕರೆಂಟು ಕೊಡುತ್ತದೆ, ಭಾರದ ಯಂತ್ರ ಹಾಕಿದಾಗ ಮಾತ್ರ ಕೈಬಿಡುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಿ ಪರೀಕ್ಷಿಸಿ. ಇಸ್ತ್ರಿ ಪೆಟ್ಟಿಗೆ ಸರಿಯಾಗಿ ಕಾದರೆ ಗೋಡೆ ಸರಿ ಇದೆ.

ಆಮೇಲೆ ನಾಬ್. ಮಳೆಗಾಲದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಸುಮಾರು ಪಾಲು ಇದರದ್ದೇ. ಮಿಕ್ಸರ್ ತಿರುಗುತ್ತಿರುವಾಗ ಕರೆಂಟು ಹೋಯಿತು, ಬಂತು, ಈಗ ಮೆಷಿನ್ ಸುಮ್ಮನೆ ಕುಳಿತಿದೆ, ದೀಪ ಮಾತ್ರ ಮಿನುಗುತ್ತದೆ. ಹಲವು ಮಾದರಿಗಳಲ್ಲಿ ಇದು ದೋಷವೇ ಅಲ್ಲ. ಕರೆಂಟು ಬಂದಾಗ ತಾನಾಗಿ ತಿರುಗಿ ಯಾರ ಬೆರಳಿಗೂ ಪೆಟ್ಟಾಗಬಾರದು ಎಂದು ಹಾಗೆ ಮಾಡಿರುತ್ತಾರೆ. ನಾಬನ್ನು ಸೊನ್ನೆಗೆ ತಂದು ಮತ್ತೆ ತಿರುಗಿಸಿದರೆ ಮುಗಿಯಿತು. ತಲೆ (ಮೋಟಾರ್ ಇರುವ ಮೇಲಿನ ಭಾಗ) ಎತ್ತುವ ಮಾದರಿಯಾದರೆ ಅದು ಪೂರ್ತಿ ಕೆಳಗೆ ಕೂತು ಲಾಕ್ ಆಗಿದೆಯೇ ನೋಡಿ. ಹಲವಕ್ಕೆ ಅದರ ಕೆಳಗೊಂದು ಸಣ್ಣ ಸುರಕ್ಷತಾ ಸ್ವಿಚ್ ಇರುತ್ತದೆ. ಅಲ್ಲಿ ಒಣಗಿದ ಮೈದಾ ಹಿಟ್ಟು ಕೂತರೂ ಮೆಷಿನ್ ಚಾಲೂ ಆಗುವುದಿಲ್ಲ.

ಹಿಟ್ಟು ನಾದುವಾಗಲೇ ನಿಂತಿತು, ಮುಟ್ಟಿದರೆ ಬಿಸಿ ಇದೆ ಎಂದಾದರೆ ಒಳಗಿನ ಶಾಖದ ಕಟ್-ಆಫ್ ಕೆಲಸ ಮಾಡಿದೆ. ಪ್ಲಗ್ ತೆಗೆದು ಅರ್ಧ ಗಂಟೆ ಬಿಡಿ. ಕೆಲವಕ್ಕೆ ಅಡಿಯಲ್ಲಿ ನಮ್ಮ ಮಿಕ್ಸಿಯಲ್ಲಿರುವಂಥದ್ದೇ ಕೆಂಪು ಬಟನ್ ಇರುತ್ತದೆ, ಆರಿದ ಮೇಲೆ ಅದನ್ನು ಒತ್ತಿ.

ಗಲ್ಫಿನಿಂದ ಬಂದ ಮೆಷಿನ್‌ಗೆ ಇನ್ನೊಂದು ಜಾಗ ಉಂಟು. ದುಬೈ, ಕುವೈತ್, ಕತಾರ್‌ಗಳಲ್ಲಿ ಬಳಸುವ ಚೌಕ ಕಡ್ಡಿಗಳ ದಪ್ಪ ಪ್ಲಗ್‌ನ ಹೊಟ್ಟೆಯೊಳಗೆ ಒಂದು ಫ್ಯೂಸ್ ಇರುತ್ತದೆ. ನಮ್ಮ ಪ್ಲಗ್‌ಗಳಲ್ಲಿ ಅದು ಇಲ್ಲವಾದ್ದರಿಂದ ಯಾರಿಗೂ ನೆನಪಾಗುವುದಿಲ್ಲ. ಬೆರಳಿನ ತುದಿಯಷ್ಟಿರುವ ಈ ಫ್ಯೂಸ್ ಹೋಗಿ, ಮೆಷಿನ್ ಸತ್ತಿತೆಂದು ಅಟ್ಟ ಸೇರಿದ ಮಿಕ್ಸರ್‌ಗಳನ್ನು ನಾನು ನೋಡಿದ್ದೇನೆ. ಪ್ಲಗ್ ಬಿಚ್ಚಿ ಫ್ಯೂಸನ್ನು ಮಲ್ಟಿಮೀಟರ್‌ಗೆ ಹಿಡಿಯಿರಿ. ಬೀಪ್ ಬಾರದಿದ್ದರೆ ಅದೇ ಆಂಪಿಯರಿನದ್ದು ಹಾಕಿ. ಬೆಳ್ಳಿ ಕಾಗದ ಸುತ್ತುವ ಉಪಾಯ ಬೇಡ.

ಅಮೆರಿಕದಿಂದ ಬಂದದ್ದಾದರೆ ಪ್ಲಗ್ ಹಾಕುವ ಮೊದಲೇ ಅಡಿಯ ತಗಡು ಓದಿ. ಅಲ್ಲಿ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರ ಹಾಕಿದ ಕ್ಷಣ ಹೋಗುತ್ತದೆ. ಸೌದಿಯಲ್ಲೂ ಹಿಂದೆ 127 ವೋಲ್ಟಿನ ಮನೆಗಳಿದ್ದವು, ಅಲ್ಲಿನ ಹಳೇ ಯಂತ್ರಗಳಿಗೂ ಇದೇ ಮಾತು. ಅಂಥವಕ್ಕೆ ವೋಲ್ಟೇಜ್ ಇಳಿಸುವ, ತಾಮ್ರ ಸುತ್ತಿದ ಭಾರದ ಟ್ರಾನ್ಸ್‌ಫಾರ್ಮರ್ ಬೇಕು; 300 ವ್ಯಾಟಿನ ಮಿಕ್ಸರ್‌ಗೆ 500 ವಿಎ (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಆದರೆ ಧೈರ್ಯ. ಪ್ರವಾಸಕ್ಕೆಂದು ಮಾರುವ ಅಂಗೈ ಗಾತ್ರದ ಹಗುರ ಕನ್ವರ್ಟರ್ ಮೋಟಾರ್‌ಗೆ ಆಗಿಬರುವುದಿಲ್ಲ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50 ಹರ್ಟ್ಸ್ ಎಂದು ಕೆಲವರು ಹೆದರುತ್ತಾರೆ. ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಸಣ್ಣ ಕಾರ್ಬನ್ ತುಂಡು) ಇರುವ ಮೋಟಾರ್‌ಗೆ ಅದು ಅಷ್ಟು ದೊಡ್ಡ ವಿಷಯ ಅಲ್ಲ, ವೋಲ್ಟೇಜೇ ಮುಖ್ಯ.

ಮುಟ್ಟಿದರೆ ಜುಮ್ ಎನ್ನುತ್ತದೆ, ಅಥವಾ ಇಎಲ್‌ಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ

ಲೋಹದ ಮೈಗೆ ಕೈ ತಾಗಿದಾಗ ಸಣ್ಣಗೆ ಜುಮ್ಮೆಂದರೆ ಮೊದಲು ಅರ್ತಿಂಗ್ ಬಗ್ಗೆ ಸಂಶಯಪಡಿ. ಈ ಯಂತ್ರಗಳ ಒಳಗೆ ರೇಡಿಯೋ ಗದ್ದಲ ತಡೆಯುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ತ್ ಸರಿ ಇದ್ದರೆ ಅವುಗಳಿಂದ ಸೋರುವ ಚೂರು ಕರೆಂಟು ಭೂಮಿಗೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಗೆ ಬರುತ್ತದೆ. ಗಲ್ಫ್ ಪ್ಲಗ್‌ಗೆ ಸಿಕ್ಕಿಸುವ ಅಗ್ಗದ ಅಡಾಪ್ಟರ್‌ಗಳಲ್ಲಿ ಎಷ್ಟೋ ಸಲ ಅರ್ತ್ ಪಿನ್ನೇ ಇರುವುದಿಲ್ಲ. ಅದನ್ನು ಬಿಸಾಡಿ, ವಯರಿಗೆ ಒಳ್ಳೆಯ ಮೂರು ಪಿನ್ನಿನ ಪ್ಲಗ್ ಹಾಕಿಸಿ.

ಅಡಾಪ್ಟರ್ ಸರಿ ಇದ್ದೂ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಜುಮ್ಮೆನ್ನುವ ಮನೆಗಳಿವೆ. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿ ಗರಿಗರಿಯಾಗಿರುತ್ತದೆ, ಒಣ ಮಣ್ಣಿಗೆ ಕರೆಂಟು ಸುಲಭದಲ್ಲಿ ಇಳಿಯುವುದಿಲ್ಲ. ಗುಂಡಿಗೆ ಆಗಾಗ ಒಂದೆರಡು ಕೊಡಪಾನ ನೀರು ಹೊಯ್ಯಿರಿ. ಆಗಲೂ ಹೋಗದಿದ್ದರೆ ವಯರಿಂಗ್‌ನವನನ್ನು ಕರೆಯಿರಿ, ಅಲ್ಲಿಯವರೆಗೆ ಮೆಷಿನ್ ಮುಟ್ಟಬೇಡಿ.

ಮಳೆಗಾಲದಲ್ಲಿ ಉಲ್ಟಾ. ಜೂನ್, ಜುಲೈಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಮಿಕ್ಸರ್ ಹಾಕಿದ ಕೂಡಲೇ ಇಎಲ್‌ಸಿಬಿ ಬಿತ್ತು ಎಂದರೆ ಮೋಟಾರಿನ ತಂತಿಯ ಸುತ್ತುಗಳಿಗೆ ತೇವ ಹಿಡಿದಿರುವ ಸಾಧ್ಯತೆ ಹೆಚ್ಚು. ಮನೆಯ ಇಎಲ್‌ಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ಸೋರಿಕೆಗೆ ಬೀಳುತ್ತದೆ, ಅಷ್ಟಕ್ಕೆ ಆ ತೇವ ಸಾಕು. ಪ್ಲಗ್ ತೆಗೆದು ಎರಡು ದಿನ ಬೆಚ್ಚಗಿನ ಒಣ ಜಾಗದಲ್ಲಿಡಿ, ಬೆಂಕಿಯ ಪಕ್ಕ ಬೇಡ. ಒಣಗಿದ ಮೇಲೂ ಬಿದ್ದರೆ ಅಂಗಡಿಗೇ ತೋರಿಸಬೇಕು. ಇಎಲ್‌ಸಿಬಿಯನ್ನು ತಪ್ಪಿಸಿ ಲೈನ್ ಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನನ್ನು ಗೇಟಿನ ಹೊರಗೇ ನಿಲ್ಲಿಸಿ.

ತಿರುಗುತ್ತದೆ, ಆದರೆ ಬಲ ಇಲ್ಲ

ಪೆರ್ಲದ ಹತ್ತಿರದ ಒಂದು ಮನೆಯ ಮಿಕ್ಸರ್ ಬೆಳಿಗ್ಗೆ ಚೆನ್ನಾಗಿ ನಾದುತ್ತಿತ್ತು, ಸಂಜೆ ಬನ್ನಿನ ಹಿಟ್ಟಿಗೆ ಹಾಕಿದರೆ ನರಳುತ್ತಿತ್ತು. ಅಂಗಡಿಯಲ್ಲಿ ತೋರಿಸಿದಾಗ ಏನೂ ತೊಂದರೆ ಕಾಣಲಿಲ್ಲ. ನಾನು ಸಂಜೆಯೇ ಹೋಗಿ ಮಲ್ಟಿಮೀಟರಿನ ಕಡ್ಡಿಗಳನ್ನು ಪಕ್ಕದ ಸಾಕೆಟ್ಟಿಗೆ ಹಾಕಿ ನಿಂತೆ. 221 ತೋರಿಸುತ್ತಿತ್ತು. ಮಿಕ್ಸರ್ ಚಾಲೂ ಮಾಡಿದಾಗ 216. ಸ್ವಲ್ಪ ಹೊತ್ತಿನಲ್ಲಿ ಟ್ಯೂಬ್‌ಲೈಟ್ ಒಮ್ಮೆ ಕಣ್ಣು ಮಿಟುಕಿಸಿತು, ಮೀಟರಿನ ಅಂಕಿ 190ಕ್ಕೆ ಇಳಿಯಿತು, ನಾದುವ ಹುಕ್ಕು ಹಿಟ್ಟಿನೊಳಗೆ ನಿಧಾನವಾಯಿತು.

"ಅಕ್ಕ, ತೋಟದ ಪಂಪು ಈಗ ಹಾಕಿದ್ದಾ?"

"ಹೌದು, ಇವರು ಈಗ ಹೋದ್ರು. ದಿನಾ ಇದೇ ಹೊತ್ತಿಗೆ ಅಡಿಕೆಗೆ ನೀರು ಬಿಡುದು."

ಆ ಮನೆಯ ಮಿಕ್ಸರಿಗೆ ರಿಪೇರಿ ಏನೂ ಬೇಕಾಗಲಿಲ್ಲ. ಡಿಸೆಂಬರಿನಿಂದ ಮೇ ತನಕ ಅಡಿಕೆ ತೋಟಗಳಿಗೆ ನೀರು ಬಿಡುವ ಕಾಲ. ನಿಮ್ಮದಲ್ಲದಿದ್ದರೆ ನೆರೆಮನೆಯದ್ದು, ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಹಲವು ಪಂಪುಗಳು ಒಟ್ಟಿಗೆ ಓಡುತ್ತವೆ. ಲೈನಿನ ಕೊನೆಯ ಮನೆಗೆ ಉಳಿಯುವುದು ಅಷ್ಟೆ. ವೋಲ್ಟೇಜ್ ಇಳಿದರೆ ಮೋಟಾರಿನ ಬಲ ಇನ್ನೂ ಜೋರಾಗಿ ಇಳಿಯುತ್ತದೆ. ನಿಧಾನ ತಿರುಗುವಾಗ ಒಳಗಿನ ಫ್ಯಾನ್ ಕೂಡ ನಿಧಾನ, ಆದ್ದರಿಂದ ಬಿಸಿ ಏರುತ್ತದೆ, ವಾಸನೆ ಬರುತ್ತದೆ. ಅದನ್ನೇ ಜನ ಮೋಟಾರ್ ಹೋಗುವ ಲಕ್ಷಣ ಎಂದುಕೊಳ್ಳುತ್ತಾರೆ.

ಅಳೆಯುವುದು ಮಿಕ್ಸರ್ ಓಡುತ್ತಿರುವಾಗಲೇ ಆಗಬೇಕು, ಸುಮ್ಮನಿರುವ ಸಾಕೆಟ್ಟಿನ ಅಂಕಿಯಿಂದ ಪ್ರಯೋಜನ ಇಲ್ಲ. 200ಕ್ಕಿಂತ ಕೆಳಗೆ ಹೋಗುತ್ತಿದ್ದರೆ ಹಿಟ್ಟು ನಾದಬೇಡಿ. ಮೊಟ್ಟೆ, ಕ್ರೀಮ್ ಬೀಸುವುದಕ್ಕೆ ತೊಂದರೆ ಇಲ್ಲ. ಪಂಪಿನ ಹೊತ್ತು ಬಿಟ್ಟು ಬೆಳಿಗ್ಗೆ ನಾದುವುದೇ ಸುಲಭದ ಪರಿಹಾರ. ದಿನಾ ಆರ್ಡರ್ ಇರುವವರು ಸ್ಟೆಬಿಲೈಸರ್ ಹಾಕಿಸಲಿ. ಉದ್ದದ ತೆಳು ಎಕ್ಸ್‌ಟೆನ್ಶನ್ ವಯರಿನಿಂದಲೂ ಇದೇ ಕತೆ: ವಯರ್ ಬಿಸಿಯಾಗುತ್ತದೆ, ಮಿಕ್ಸರ್ ಸೊರಗುತ್ತದೆ.

ಇನ್ವರ್ಟರಿನಲ್ಲಿ ಹಾಕಿದಾಗ ಮಾತ್ರ ಗುಂಯ್‌ಗುಡುವುದು, ವೇಗ ಏರಿಳಿಯುವುದು ಇದ್ದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ವೇಗ ನಿಯಂತ್ರಿಸುವ ಬೋರ್ಡ್‌ಗೆ ಆ ಕರೆಂಟು ಒಗ್ಗುವುದಿಲ್ಲ. ಸೈನ್ ವೇವ್ ಆಗಿದ್ದು ಸಾಮರ್ಥ್ಯ ಸಾಕಷ್ಟಿದ್ದರೆ ತೊಂದರೆ ಇಲ್ಲ. ಇನ್ವರ್ಟರೇ ಇಲ್ಲದಿದ್ದರೆ, ಸ್ಪಂಜ್ ಕೇಕಿಗೆ ಮೊಟ್ಟೆ ಅರ್ಧ ನೊರೆ ಬಂದಾಗ ಕರೆಂಟು ಹೋದರೆ ಕೈಯಲ್ಲಿ ಬೀಸುವ ವಿಸ್ಕ್ ಒಂದೇ ದಾರಿ, ಅದನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ನಮ್ಮ ಪಕ್ಕದ ಜಿಲ್ಲೆಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು 1883ರಲ್ಲಿ ಕ್ರಿಸ್‌ಮಸ್ ಕೇಕ್ ಬೇಯಿಸಿದಾಗ ಕರೆಂಟಿನ ಮಿಕ್ಸರ್ ಎಂಬುದೇ ಹುಟ್ಟಿರಲಿಲ್ಲ. ಅಮೆರಿಕದ ಹೋಬರ್ಟ್ ಕಂಪನಿಯವರು ಮನೆಬಳಕೆಯ ಕಿಚನ್‌ಏಡ್ ಮಿಕ್ಸರ್ ತಂದದ್ದು 1919ರಲ್ಲಿ.

ಹಿಟ್ಟು ನಾದುವಾಗ ಬಿಸಿ, ವಾಸನೆ, ಕುಣಿತ

ಹೊಸ ಮೆಷಿನ್ ಮೊದಲ ಕೆಲವು ಸಲ ಸ್ವಲ್ಪ ವಾರ್ನಿಶ್ ವಾಸನೆ ಬಿಡುವುದು ಸಹಜ. ಹಳೆಯದು ವಾಸನೆ ಬಿಟ್ಟರೆ ಬೌಲ್‌ನೊಳಗೆ ನೋಡಿ. ಪೆಟ್ಟಿಗೆಯ ಮೇಲಿನ 1200, 1500 ವ್ಯಾಟ್ ನೋಡಿ ಮೋಸ ಹೋಗುವುದು ಇಲ್ಲೇ. ವ್ಯಾಟ್ ಎಂದರೆ ಮೆಷಿನ್ ಗೋಡೆಯಿಂದ ಎಳೆಯುವ ಕರೆಂಟಿನ ಲೆಕ್ಕ, ಹುಕ್ಕಿಗೆ ತಲುಪುವ ಬಲದ ಲೆಕ್ಕ ಅಲ್ಲ. ಕಿಚನ್‌ಏಡಿನ ತಲೆ ಎತ್ತುವ ಮಾದರಿಗಳು 300 ವ್ಯಾಟಿನ ಆಸುಪಾಸಿನವು. ಲೋಹದ ಗೇರ್ ಇರುವುದರಿಂದ ಅವು ಬ್ರೆಡ್ ಹಿಟ್ಟು ನಾದುತ್ತವೆ. ಪ್ಲಾಸ್ಟಿಕ್ ಗೇರಿನ 1500 ವ್ಯಾಟಿನದು ಅದೇ ಹಿಟ್ಟಿಗೆ ಸೋಲಬಹುದು.

ಅರ್ಧ ಕಿಲೋ ಮೈದಾಕ್ಕೆ 300 ಗ್ರಾಂ ನೀರು ಇದ್ದರೆ ಸಾಧಾರಣ ಮನೆ ಮಿಕ್ಸರ್ ತಡೆಯುತ್ತದೆ. ಅದೇ ಚಪಾತಿ ಹಿಟ್ಟಿನಷ್ಟು ಗಟ್ಟಿ ಮಾಡಿ ಒಂದು ಕಿಲೋ ತುಂಬಿದರೆ ತಲೆ ಎಗರುತ್ತದೆ, ಮೆಷಿನ್ ಅಡುಗೆಕಟ್ಟೆಯ ಮೇಲೆ ನಡೆಯತೊಡಗುತ್ತದೆ. ಹುಕ್ಕಿಗೆ ಒಂದು ಅಥವಾ ಎರಡನೇ ವೇಗ ಸಾಕು. ಬೇಗ ಆಗಲಿ ಎಂದು ನಾಲ್ಕಕ್ಕೆ ಏರಿಸಿದರೆ ಹಿಟ್ಟು ಹುಕ್ಕಿನ ಮೇಲೆ ಹತ್ತಿ ಕೂತು ಸುಮ್ಮನೆ ಒಟ್ಟಿಗೇ ಸುತ್ತುತ್ತದೆ, ನಾದುವುದಿಲ್ಲ. ನಿಲ್ಲಿಸಿ, ಕೆಳಗೆ ಜಾರಿಸಿ, ಗಟ್ಟಿ ಇದ್ದರೆ ಒಂದೆರಡು ಚಮಚ ನೀರು ಸೇರಿಸಿ. ಎಂಟು ಹತ್ತು ನಿಮಿಷ ನಾದಿದ ಮೇಲೆ ಮೆಷಿನ್‌ಗೂ ಬಿಡುವು ಕೊಡಿ. ಹೋಳಿಗೆಯ ಕಣಕ ಮಾತ್ರ ಎಣ್ಣೆ, ನೀರು ಹೆಚ್ಚಿರುವ ಮೆದು ಹಿಟ್ಟಾದ್ದರಿಂದ ಇದರಲ್ಲಿ ಚಂದ ಆಗುತ್ತದೆ.

ನಾದಿದಷ್ಟೂ ಹಿಟ್ಟು ಸಡಿಲ, ಅಂಟಂಟು, ಮೆಷಿನ್ ಸರಿ ಇಲ್ಲ ಎಂಬ ದೂರು ಮಾರ್ಚ್‌ನಿಂದ ಶುರು. ಇದಕ್ಕೆ ಕಾರಣ ತಾರಸಿಯ ಟ್ಯಾಂಕಿ. ಮಧ್ಯಾಹ್ನದ ನಲ್ಲಿ ನೀರು ಕೈಗೇ ಬಿಸಿ ತಾಗುತ್ತದೆ, ಕೋಣೆ 32 ಡಿಗ್ರಿ, ಅದರ ಮೇಲೆ ಹುಕ್ಕಿನ ಉಜ್ಜಾಟದ ಶಾಖ. ನಾದಿ ಮುಗಿದಾಗ ಬ್ರೆಡ್ ಹಿಟ್ಟು 24ರಿಂದ 27 ಡಿಗ್ರಿಯೊಳಗೆ ಇದ್ದರೆ ಒಳ್ಳೆಯದು. ನೀರಿನ ಸ್ವಲ್ಪ ಭಾಗದ ಬದಲು ಐಸ್ ಹಾಕಿ ನೋಡಿ, ಮೆಷಿನ್ ತಾನಾಗಿ ಸರಿಹೋದಂತೆ ಕಾಣುತ್ತದೆ.

ಬೆಣ್ಣೆ ಉಬ್ಬುವುದಿಲ್ಲ, ಮೊಟ್ಟೆ ನೊರೆಯಾಗುವುದಿಲ್ಲ

ಬೆಣ್ಣೆ, ಸಕ್ಕರೆ ಬೀಸಿ ಬೆಳ್ಳಗೆ ಮಾಡಲು ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಬೇಕು. ಪಾಕವಿಧಾನದಲ್ಲಿ "ಕೋಣೆಯ ಉಷ್ಣತೆ" ಎಂದು ಬರೆದವರು ನಮ್ಮ ಕೋಣೆ ನೋಡಿಲ್ಲ. ಇಲ್ಲಿ ಒಂದು ಗಂಟೆ ಹೊರಗಿಟ್ಟ ಬೆಣ್ಣೆ ಎಣ್ಣೆಯ ದಾರಿ ಹಿಡಿದಿರುತ್ತದೆ, ಅದು ಗಾಳಿ ಹಿಡಿಯುವುದಿಲ್ಲ, ಎಷ್ಟು ತಿರುಗಿಸಿದರೂ ಹೊಳೆಯುವ ಹಳದಿ ಲೇಪ ಅಷ್ಟೆ. ಫ್ರಿಜ್ಜಿನಿಂದ ತೆಗೆದು, ಸಣ್ಣ ತುಂಡು ಮಾಡಿ, ಹತ್ತು ನಿಮಿಷದಲ್ಲಿ ಶುರು ಮಾಡಿ. ನಡುವೆ ಬೆವರಿದರೆ ಬೌಲ್ ಸಮೇತ ಸ್ವಲ್ಪ ಹೊತ್ತು ಫ್ರಿಜ್ಜಿಗೆ.

ಕ್ರೀಮಿಗೂ ತಂಪೇ ಬೇಕು, ಕೊಬ್ಬೂ ಬೇಕು. ಅಂಗಡಿಯ 25 ಶೇಕಡಾ ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಬೀಸಿದರೂ ನಿಲ್ಲುವುದಿಲ್ಲ, ಕಡಿಮೆ ಎಂದರೆ 30 ಇರಬೇಕು, 35 ಆದರೆ ನಿಶ್ಚಿಂತೆ. ಮೊಟ್ಟೆಯ ಬಿಳಿಗೆ ಜಿಡ್ಡೇ ಶತ್ರು. ಹಳದಿಯ ಒಂದು ಹನಿ, ಬೌಲ್‌ನಲ್ಲಿ ಉಳಿದ ಬೆಣ್ಣೆಯ ಪಸೆ, ಇಷ್ಟು ಸಾಕು ನೊರೆ ಬಾರದಿರಲು. ಲಿಂಬೆಹಣ್ಣಿನ ಹೋಳಿನಿಂದ ಬೌಲ್, ವಿಸ್ಕ್ ಒರೆಸಿ ಒಣಗಿಸಿ.

ಜಿಡ್ಡಿಲ್ಲ, ತಂಪೂ ಉಂಟು, ಆದರೂ ಅಡಿಯಲ್ಲಿ ದ್ರವ ಉಳಿಯುತ್ತದೆ ಎಂದರೆ ಎರಡು ಸಾಧ್ಯತೆ. ಐದು ಲೀಟರಿನ ಬೌಲ್‌ಗೆ ಒಂದೇ ಮೊಟ್ಟೆಯ ಬಿಳಿ ಹಾಕಿದ್ದೀರಿ, ವಿಸ್ಕ್‌ಗೆ ಅದು ಸಿಗುತ್ತಲೇ ಇಲ್ಲ. ಅಥವಾ ತಲೆಯ ಎತ್ತರ ತಪ್ಪಿದೆ. ಎತ್ತರ ನೋಡಲು ಚಪ್ಪಟೆ ಬೀಟರ್ ಸಿಕ್ಕಿಸಿ, ಖಾಲಿ ಬೌಲ್‌ನ ಅಡಿಗೆ ಎರಡು ರೂಪಾಯಿಯ ಒಂದು ನಾಣ್ಯ ಹಾಕಿ, ಅತಿ ನಿಧಾನ ವೇಗದಲ್ಲಿ ಬಿಡಿ. ಬೀಟರ್ ಹಾದುಹೋಗುವಾಗ ನಾಣ್ಯವನ್ನು ಒಂದೆರಡು ಸೆಂಟಿಮೀಟರ್ ಮಾತ್ರ ತಳ್ಳಬೇಕು. ಮುಟ್ಟದಿದ್ದರೆ ತಲೆ ಮೇಲಾಯಿತು. ನಾಣ್ಯವನ್ನು ಸುತ್ತಲೂ ಎಳೆದುಕೊಂಡು ಹೋದರೆ, ಬೌಲ್ ಕಿರ್ರೆಂದರೆ ಕೆಳಗಾಯಿತು. ತಲೆ ಎತ್ತುವ ಮಾದರಿಗಳಲ್ಲಿ ಕತ್ತಿನ ಸಂದಿನಲ್ಲಿ ಒಂದು ಸ್ಕ್ರೂ ಇರುತ್ತದೆ. ಪ್ಲಗ್ ತೆಗೆದು, ಕಾಲು ಸುತ್ತು ತಿರುಗಿಸಿ, ಮತ್ತೆ ನಾಣ್ಯ ಹಾಕಿ ನೋಡಿ. ಈ ಸ್ಕ್ರೂ ಬಗ್ಗೆ ಗೊತ್ತಿಲ್ಲದೆ ಹೊಸ ಬೌಲ್ ತರಿಸಿದವರಿದ್ದಾರೆ.

ಬೀಟರ್ ಹಿಡಿದ ಕೈ, ಬಿಳಿ ಕ್ರೀಮ್ ಬೂದು ಬಣ್ಣವಾದರೆ ಅದು ಲೇಪನವಿಲ್ಲದ ಅಲ್ಯೂಮಿನಿಯಂ. ಸೋಡಾ ಹಾಕಿ, ಕ್ಷಾರದ ಪುಡಿ ಹಾಕಿ ತಿಕ್ಕಿದ್ದರಿಂದ ಮೇಲಿನ ಪದರ ಹೋಗಿದೆ. ಸಾದಾ ಸಾಬೂನು ನೀರಿನಲ್ಲಿ ತೊಳೆಯಿರಿ, ಸಾಧ್ಯವಾದರೆ ಸ್ಟೀಲಿನದ್ದು ತರಿಸಿ.

ಇನ್ನು ಮೆಷಿನ್ ಒಳಗೆ

ಗೋಡೆ, ಬೌಲ್ ಎರಡೂ ಸರಿ ಎಂದಾದ ಮೇಲೆ ಕಿವಿಗೊಡಿ. ಮೋಟಾರ್ ತಿರುಗುವ ಸದ್ದಿದೆ, ಬೀಟರ್ ನಿಂತಿದೆ: ಗೇರ್ ಹೋಗಿದೆ. ಕೆಲವು ಕಂಪನಿಗಳು ಒಂದು ಗೇರನ್ನು ಬೇಕೆಂದೇ ಮೆದುವಾಗಿ ಇಟ್ಟಿರುತ್ತವೆ, ಭಾರ ಮಿತಿಮೀರಿದಾಗ ಮೋಟಾರಿನ ಬದಲು ಅದು ಸಾಯಲಿ ಎಂದು. ಅದನ್ನು ಬದಲಿಸಿದರೆ ಮೆಷಿನ್ ಹೊಸದೇ. ಪ್ರತಿ ಸುತ್ತಿಗೂ ಒಂದು ಸಲ ಟಕ್ ಎಂದರೆ ಒಂದು ಹಲ್ಲು ಮುರಿದಿದೆ, ಪೂರ್ತಿ ಹೋಗುವ ತನಕ ಕಾಯಬೇಡಿ.

ನಿಂತು ನಿಂತು ಓಡುವುದು, ಬದಿಗೆ ತಟ್ಟಿದರೆ ಚಾಲೂ ಆಗುವುದು, ಕಿಂಡಿಯಲ್ಲಿ ದೊಡ್ಡ ಕಿಡಿ ಕಾಣುವುದು ಕಾರ್ಬನ್ ಬ್ರಷ್ ಸವೆದದ್ದರ ಗುರುತು. ಸಣ್ಣ ನೀಲಿ ಕಿಡಿ ಸಹಜ. ಬ್ರಷ್ ಆರು ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಜೋಡಿಯಾಗಿಯೇ ಬದಲಿಸಿ. ಹಳೆಯದನ್ನು ನೋಡಿ ಮತ್ತೆ ಹಾಕುವುದಾದರೆ ತೆಗೆದ ದಿಕ್ಕಿನಲ್ಲೇ ಹಾಕಿ, ಅದರ ತುದಿ ಒಂದೇ ಕಡೆಗೆ ಬಾಗಿ ಸವೆದಿರುತ್ತದೆ.

ನಾಬ್ ಎಲ್ಲಿಟ್ಟರೂ ಪೂರ್ತಿ ವೇಗದಲ್ಲೇ ಓಡಿದರೆ ವೇಗದ ಬೋರ್ಡಿನ ಟ್ರಯಾಕ್ (ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಬಿಡಿಭಾಗ) ಶಾರ್ಟ್ ಆಗಿದೆ ಎಂದು ಲೆಕ್ಕ. ಉಪ್ಪಳ, ಮಂಜೇಶ್ವರದ ಕಡಲ ಬದಿಯ ಮನೆಗಳ ಬೋರ್ಡುಗಳಲ್ಲಿ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿರುತ್ತದೆ. ಒಳನಾಡಿನಲ್ಲಿ ಇರುವೆಗಳ ಕಾಟ. ಸಕ್ಕರೆ ಪುಡಿಯ ವಾಸನೆಗೆ ಬಂದು ಬೆಚ್ಚಗಿನ ಮೋಟಾರಿನ ಪಕ್ಕ ಗೂಡು ಕಟ್ಟುತ್ತವೆ. ಬಳಸಿದ ಮೇಲೆ ಗಾಳಿಕಿಂಡಿಗಳನ್ನು ಒಣ ಬ್ರಷ್ಷಿನಿಂದ ಒರೆಸಿ ಬಟ್ಟೆಯ ಕವರ್ ಹಾಕಿ. ಪ್ಲಾಸ್ಟಿಕ್ ಕವರ್ ಮಳೆಗಾಲದಲ್ಲಿ ತೇವವನ್ನು ಒಳಗೇ ಹಿಡಿದಿಡುತ್ತದೆ.

ಬೀಟರಿನ ದಂಡಿನಿಂದ ಎಣ್ಣೆ ತೊಟ್ಟಿಕ್ಕಿದರೆ ಗೇರ್ ಪೆಟ್ಟಿಗೆಯ ಗ್ರೀಸಿನಿಂದ ಎಣ್ಣೆ ಬೇರೆಯಾಗಿದೆ. ಅಟ್ಟದಲ್ಲಿ ಬಹಳ ಕಾಲ ಇಟ್ಟ ಮೆಷಿನ್‌ನಲ್ಲಿ ಇದು ಸಾಮಾನ್ಯ. ಹಳೇ ಗ್ರೀಸ್ ಪೂರ್ತಿ ತೆಗೆದು ಆಹಾರಕ್ಕೆ ತಾಗಿದರೂ ಹಾನಿ ಇಲ್ಲದ ಗ್ರೀಸ್ ತುಂಬಬೇಕು. ಬೈಕಿನ ಗ್ರೀಸ್ ತುಂಬಿ ಕೊಡುವ ಅಂಗಡಿಗೆ ಕೊಡಬೇಡಿ.

ಕೊಳ್ಳುವವರಿಗೆ

ಮೇಲಿನದ್ದನ್ನೆಲ್ಲ ಓದಿದವರಿಗೆ ಏನು ನೋಡಬೇಕೆಂದು ಗೊತ್ತಾಗಿರುತ್ತದೆ. ತಗಡಿನಲ್ಲಿ 220–240 ವೋಲ್ಟ್, ಲೋಹದ ಗೇರ್, ಹೊರಗಿನಿಂದಲೇ ತೆಗೆಯಬಹುದಾದ ಬ್ರಷ್, ಎತ್ತರ ಹೊಂದಿಸುವ ಸ್ಕ್ರೂ. ಗಲ್ಫಿನ ವಾರಂಟಿ ಇಲ್ಲಿ ಹೆಚ್ಚಾಗಿ ನಡೆಯುವುದಿಲ್ಲ, ಆದ್ದರಿಂದ ಅಲ್ಲಿನ ಕಡಿಮೆ ಬೆಲೆಯನ್ನು ಪೂರ್ತಿ ಲಾಭ ಎಂದು ಎಣಿಸಬೇಡಿ. ನಾಲ್ಕೂವರೆಯಿಂದ ಐದು ಲೀಟರ್ ಬೌಲ್ ಮನೆಗೆ ಸಾಕು. ತಲೆ ಎತ್ತಿದಾಗ ಮೇಲಿನ ಶೆಲ್ಫಿಗೆ ತಾಗುತ್ತದೆಯೇ ಎಂದು ಮೊದಲೇ ಅಳೆಯಿರಿ. ಬರೀ ಹುಟ್ಟುಹಬ್ಬದ ಸ್ಪಂಜ್ ಕೇಕ್, ಕ್ರೀಮ್ ಇಷ್ಟೇ ಮಾಡುವವರಿಗೆ ಕೈಯಲ್ಲಿ ಹಿಡಿಯುವ ಮಿಕ್ಸರ್ ಸಾಕು ಎಂದು ನನ್ನ ಅಭಿಪ್ರಾಯ. ಬ್ರೆಡ್, ಬನ್ ದಿನಾ ಮಾಡುವವರು ಮಾತ್ರ ದೊಡ್ಡದಕ್ಕೆ ದುಡ್ಡು ಹಾಕಲಿ.

ಅಂಗಡಿಗೆ ಒಯ್ಯಲೇಬೇಕಾಗಿ ಬಂದರೆ ಬೌಲ್, ಬೀಟರ್, ಹುಕ್ಕು ಒಟ್ಟಿಗೆ ಒಯ್ಯಿರಿ. ಬೌಲ್ ಇಲ್ಲದೆ ಎತ್ತರ ಹೊಂದಿಸಲು ಆಗುವುದಿಲ್ಲ. ಅಡಿಯ ತಗಡಿನ ಫೋಟೋ, ಸದ್ದು ಬರುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ, ದಿನದ ಯಾವ ಹೊತ್ತಿಗೆ ತೊಂದರೆ ಬರುತ್ತದೆ ಎಂಬ ವಿವರ, ಇವಿಷ್ಟು ಇದ್ದರೆ ರಿಪೇರಿಯವನ ಅರ್ಧ ದಿನ ಉಳಿಯುತ್ತದೆ, ಬಿಲ್ಲೂ ಅಷ್ಟು ಇಳಿಯುತ್ತದೆ.